ಒಂದು ಗುಳ್ಳೆಯೂ ಒಡೆದಿಲ್ಲ

ಅಕ್ಕಾ,

ಅಮ್ಮ ವಾಪಸ್ ಕೇಳಿದ್ದ ಗಾಜಿನ ಹೂದಾನಿಯ ಪಾರ್ಸೆಲ್ ತಲುಪಿತು. ಒಳಗೆ ಬರೀ ಚೂರು. ‘ದಾರೀಲಿ ಒಡೀತು ಅಂತ ಅಮ್ಮಂಗೆ ಹೇಳೋ’ ಎಂದು ನೀನು ಫೋನಿನಲ್ಲಿ ಹೇಳಿದೆ. ನಾನು ಹೇಳುವುದಿಲ್ಲ.

ಶಾಲೆ ಬಿಟ್ಟವನಿಗೆ ಬೇರೇನೂ ತಿಳಿಯದಿದ್ದರೂ ಪ್ಯಾಕಿಂಗ್ ತಿಳಿದಿದೆ. ದಿನವಿಡೀ ಗಾಜಿನ ಸಾಮಾನಿಗೆ ಗಾಳಿಗುಳ್ಳೆಯ ಪ್ಲಾಸ್ಟಿಕ್ ಹಾಳೆ ಸುತ್ತುವವನು ನಾನು. ಗಾಜು ಒಡೆಯುವಂಥ ಏಟು ಬಿದ್ದರೆ ಮೊದಲು ಗಾಳಿಗುಳ್ಳೆ ಒಡೆಯುತ್ತದೆ. ನಿನ್ನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ, ಒಂದು ಗುಳ್ಳೆಯೂ ಒಡೆದಿಲ್ಲ. ನೀನು ಚೂರುಗಳನ್ನೇ ಸುತ್ತಿ ಕಳಿಸಿದ್ದೀಯ.

ಮತ್ತೆ ಫೋನ್ ಮಾಡಿದರೆ ಭಾವ ಎತ್ತಿದರು. ‘ನಿಮ್ಮಕ್ಕನ ಕೈಗೆ ಬೆಣ್ಣೆ ಮೆತ್ತಿದೆ ಕಣೋ, ಮುಟ್ಟಿದ್ದೆಲ್ಲಾ ಜಾರುತ್ತೆ’ ಎಂದು ನಕ್ಕರು. ತುಂಬಿದ ಲೋಟವನ್ನು ಹನಿ ಚೆಲ್ಲದೆ ತರುತ್ತಿದ್ದವಳು ನೀನು. ಈಗ ಪಾರ್ಸೆಲ್ ಮೇಲಿನ ಟೇಪು ಎಡಗೈಯಲ್ಲಿ ಅಂಟಿಸಿದ ಹಾಗೆ ಸೊಟ್ಟಪಟ್ಟವಾಗಿದೆ. ಬಲಗೈಗೆ ಏನಾಗಿದೆ?

ಭಾವನ ಕಣ್ಣಿಗೆ ಬೀಳದಿರಲೆಂದು ಈ ಪತ್ರವನ್ನು ನಿಮ್ಮ ಪಕ್ಕದ ಮನೆ ಅಜ್ಜಿಯ ಹೆಸರಿಗೆ ಕಳಿಸುತ್ತಿದ್ದೇನೆ. ಓದಿ ಹರಿದುಹಾಕು. ಭಾನುವಾರ ಬೆಳಿಗ್ಗೆ ಬರುತ್ತೇನೆ. ಬಟ್ಟೆ ಚೀಲಕ್ಕೆ ತುಂಬಿಡು. ಒಡೆಯುವ ಸಾಮಾನು ಉಳಿದಿದ್ದರೆ ಮುಟ್ಟಬೇಡ, ಸುತ್ತಲು ಹಾಳೆ ನಾನೇ ತರುತ್ತೇನೆ.

ಅಮ್ಮನಿಗೆ ನಿಜವನ್ನೇ ಹೇಳುತ್ತೇನೆ: ಹೂದಾನಿ ಒಡೆದಿದೆ, ಅಕ್ಕನನ್ನು ಕರೆತಂದಿದ್ದೇನೆ.

ನಿನ್ನ ಮೊಂಡ
ತಮ್ಮ