ಹೊಳೆಗೆ ಹೊರಟ ಪೆನ್‌ಡ್ರೈವ್

ಮಹಾಂತೇಶ ನಗರ, ಬೆಳಗಾವಿ
೧೬ ನವೆಂಬರ್ ೨೦೨೪, ಶನಿವಾರ

ಪ್ರೀತಿಯ ಸಮೃದ್ಧಿಯ ಅಪ್ಪನವರಿಗೆ,

ಶರಣು. ಹೇಗಿದ್ದೀರಿ? ಖಾನಾಪುರದ ಥಂಡಿಗೆ ನಿಮ್ಮ ಕೆಮ್ಮು ಮತ್ತೆ ಎದ್ದಿರಬೇಕು. ನಿಮ್ಮ ಸ್ವೆಟರ್ ಇಲ್ಲೇ ಕಪಾಟಿನಲ್ಲಿ ಕೂತಿತ್ತು. ಜಗಳ ಮಾಡಿ ಹೋಗುವವರಿಗೆ ಹೋಗುವಾಗ ಸ್ವೆಟರ್ ತೆಗೆದುಕೊಳ್ಳುವಷ್ಟಾದರೂ ಬುದ್ಧಿ ಇರಬೇಕಪ್ಪಾ! ಈ ಕಾಗದದ ಜೊತೆ ಅದನ್ನೂ ಕಳಿಸುತ್ತಿದ್ದೇನೆ, ಸುಮ್ಮನೆ ಹಾಕಿಕೊಳ್ಳಿ. ಖಾನಾವಳಿಯ ಊಟ ಸೇರುತ್ತಿದೆಯೋ ಇಲ್ಲವೋ? ಸೇರದಿದ್ದರೆ ಹೇಳಬೇಡಿ, ಕೇಳಿ ನನಗೂ ಊಟ ಇಳಿಯುವುದಿಲ್ಲ. ಇಲ್ಲಿ ಸಮೃದ್ಧಿ, ಅತ್ತೆ, ಮಾವ, ನಾನು ಎಲ್ಲರೂ ಆರಾಮ. ನಮ್ಮ ಕಂಪ್ಯೂಟರ್ ಕೂಡ ಈಗ ಆರಾಮ. ಅದು ಹೇಗೆ ಆರಾಮಾಯಿತು ಎಂದು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ಫೋನಿರುವಾಗ ಕಾಗದ ಯಾಕೆ ಎಂದು ನಗಬೇಡಿ. ಫೋನು ಹೆಸರಿಗಷ್ಟೇ ನನ್ನದು. ಬೆಳಗಾಗುವ ಮೊದಲೇ ಅದು ಮಾವನವರ ಕೈಗೆ ಹೋಗುತ್ತದೆ. ಶುಭೋದಯದ ಫೋಟೋಗಳು ಬರುವುದೆಲ್ಲ ಅದಕ್ಕೇ ತಾನೇ? ನಾನು ನಿಮಗೆ ಒಂದು ಸಾಲು ಬರೆದರೂ ಕನ್ನಡಕ ಏರಿಸಿ ಮೊದಲು ಅವರೇ ಓದುತ್ತಾರೆ. ಮಾತಾಡೋಣವೆಂದರೆ ಬಾಜೂಕ್ಕೇ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಕಾಗದವನ್ನು ಅಂಚೆಗೆ ಹಾಕಿದರೂ ಅಷ್ಟೇ ಕಥೆ. ಪೋಸ್ಟ್ ಮಾಸ್ತರರಾಗಿ ರಿಟೈರ್ ಆದವರ ಮನೆಯ ಕಾಗದ ಕಂಡರೆ ಅಂಚೆಯವರು ಪ್ರೀತಿಯಿಂದ ತಂದು ಮತ್ತೆ ಅವರ ಕೈಗೇ ಕೊಟ್ಟಾರು. ಅದಕ್ಕೇ ಖಾನಾಪುರಕ್ಕೆ ಬರುವ ಬೇಕರಿ ಟೆಂಪೋದ ಭರಮಣ್ಣನ ಕೈಯಲ್ಲಿ ನಾಳೆ ಬೆಳಿಗ್ಗೆ ಕಳಿಸುತ್ತೇನೆ.

ಖಂಡೇನವಮಿಯ ಆಯುಧಪೂಜೆಯ ದಿನದ ಸುದ್ದಿ ಮತ್ತೆ ಎತ್ತಬಾರದು ಅಂದುಕೊಂಡಿದ್ದೆ. ಆದರೆ ಎತ್ತುತ್ತೇನೆ, ಯಾಕೆಂದರೆ ನಿಮಗೆ ಅವರ ಮಾತು ನೆನಪಿರುತ್ತದೆ, ನಿಮ್ಮ ಮಾತು ನೆನಪಿರುವುದಿಲ್ಲ. ಮಾವ ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದರು. ಆಮೇಲೆ ನೀವು ಚಾಲೂ ಮಾಡಿದಿರಿ. ನಿಮ್ಮ ಚಾ ಮುಗಿಯಿತು, ಪೇಪರ್ ಮುಗಿಯಿತು, ಅದು ಗರಗರ ಸುತ್ತುತ್ತಲೇ ಇತ್ತು. ಕಡೆಗೊಮ್ಮೆ ಪರದೆ ತೆರೆದರೆ ಒಂದು ಬೆರಳಿಡಲೂ ಜಾಗವಿಲ್ಲ, ತುಂಬಾ ಮಾವ ಫೋನಿನಿಂದ ನನ್ನ ಕೈಯಲ್ಲಿ ಹಾಕಿಸಿಟ್ಟ ಫೋಟೋಗಳು: ಬಸವಣ್ಣ, ಲಿಂಗ, ನಮ್ಮ ಮಠದ ಅಜ್ಜಾರು, ಗುಲಾಬಿ ಹೂವಿನ ನಡುವೆ ಶುಭ ಸೋಮವಾರ, ಶುಭ ಮಂಗಳವಾರ. ನೀವು ಅವನ್ನೆಲ್ಲ ಒಟ್ಟಿಗೆ ಹಿಡಿದು ಎಳೆದುಕೊಂಡು ಹೊರಟಿರಿ. ಎಲ್ಲಿಗೆ? ಮೂಲೆಯಲ್ಲಿರುವ ಕಸದ ಬುಟ್ಟಿಯ ಚಿತ್ರಕ್ಕೆ! ದೇವರ ಹಳೆಯ ಕ್ಯಾಲೆಂಡರನ್ನೂ ಕಸಕ್ಕೆ ಹಾಕದೆ, ಜೋಪಾನವಾಗಿ ಹರಿಯುವ ನೀರಿಗೆ ಬಿಟ್ಟು ಬರುವ ಮನೆ ನಮ್ಮದು. ಮಾವ ಹಿಂದೆಯೇ ನಿಂತಿದ್ದರು. "ದೇವರನ್ನ ಕಸದ ಬುಟ್ಟ್ಯಾಗ ಹಾಕತೀಯೇನೋ ಅಮರಾ? ಹಂಗಾರ ನನ್ನೂ ಅದರಾಗ ಹಾಕು!" ಎಂದರು. ನೀವು ಅಷ್ಟಕ್ಕೇ ಸುಮ್ಮನಾಗಬಾರದಿತ್ತೇ? "ಈ ಕಸ ಇರೂತನಕ ಇದು ಓಡಂಗಿಲ್ಲ" ಎಂದಿರಿ. ಕಸ ಅಂದದ್ದು ನೀವು. ನಾನು ಕಿವಿಯಾರೆ ಕೇಳಿದ್ದೇನೆ. ಆಮೇಲೆ ಊಟಕ್ಕೂ ನಿಲ್ಲದೆ ಚೀಲ ಹೆಗಲಿಗೆ ಹಾಕಿ ಖಾನಾಪುರದ ಬಸ್ಸು ಹತ್ತಿದಿರಿ.

ಅಂದಿನಿಂದ ಶನಿವಾರ ಬಂದರೆ ನಿಮಗೆ ನೀವು ಕಲಿಸುವ ಸಾಲಿಯಲ್ಲಿ ಕೆಲಸ. ದೀಪಾವಳಿಗೂ ಕೆಲಸ. ಫೋನಿನಲ್ಲಿ "ಮನ್ಯಾಗ ಎಲ್ಲಾರೂ ಆರಾಮ ಅದಾರೇನು?" ಎಂದು ಕೇಳುತ್ತೀರಿ. ಆ ಎಲ್ಲಾರೂ ಅಂದರೆ ಯಾರು ಎಂದು ನನಗೆ ಗೊತ್ತಾಗುವುದಿಲ್ಲವೇ? ಇತ್ತ ಮಾವ ಪೇಪರಿನ ಹಿಂದೆ ಮುಖ ಇಟ್ಟುಕೊಂಡು "ಯಾರದು ಫೋನು?" ಎಂದು ಕೇಳುತ್ತಾರೆ. ಅವರು ಮೊದಲು ಮಾತಾಡಲಿ ಎಂದು ನೀವು, ಮಗ ಮೊದಲು ಮಾತಾಡಲಿ ಎಂದು ಅವರು. ನಿಮಗೆ ನಗು ಬರಬಹುದು, ನನಗೆ ಹೆದರಿಕೆಯಾಗುತ್ತದೆ. ಬೀಡಿ ಊರಿನಲ್ಲಿ ನಿಮ್ಮ ದೊಡ್ಡಪ್ಪನೂ ಮಾವನೂ ಒಂದು ಮಾವಿನ ಗಿಡದ ಸಲುವಾಗಿ ಮಾತು ಬಿಟ್ಟವರು, ಮತ್ತೆ ಆಡಲೇ ಇಲ್ಲ. ದೊಡ್ಡಪ್ಪ ಹೋದ ದಿನ ಮಾವ ಆ ಗಿಡದ ಕೆಳಗೇ ಕೂತು ಅತ್ತರಂತೆ, ಅತ್ತೆ ಹೇಳುತ್ತಿರುತ್ತಾರೆ. ನಮ್ಮ ಮನೆಯಲ್ಲಿ ಹಾಗಾಗಬಾರದು. ಒಂದು ಕಂಪ್ಯೂಟರಿನ ಸಲುವಾಗಂತೂ ಆಗಲೇಬಾರದು.

ಇರಲಿ, ಸುದ್ದಿ ಕೇಳಿ. ತುಳಸಿ ಲಗ್ನ ಹತ್ತಿರ ಬಂತು, ನಾನು ಕಂಪ್ಯೂಟರಿನಲ್ಲಿ ಮಾಡಿಕೊಡುವ ಲಗ್ನಪತ್ರಿಕೆಗಳ ಸುಗ್ಗಿ ಶುರುವಾಯಿತು. ಹೆಣ್ಣಿನವರಿಗೆ ಕನ್ನಡದಲ್ಲಿ, ಗಂಡಿನವರಿಗೆ ಮರಾಠಿಯಲ್ಲಿ, ಎರಡರಲ್ಲೂ ಒಬ್ಬ ಸೋದರಮಾವನ ಹೆಸರು ಬಿಟ್ಟರೆ ಲಗ್ನವೇ ಮುರಿಯುವ ಕೆಲಸ ಇದು. ಕಾಕತಿಯಿಂದ ಬಂದ ಯಜಮಾನರೊಬ್ಬರು ಮಾದರಿ ತೋರಿಸು ಎಂದು ಕೂತರು. ಫೈಲು ತೆರೆಯುವಷ್ಟರಲ್ಲಿ ಅವರಿಗೆ ಚಾ ಆಯಿತು, ಅವಲಕ್ಕಿ ಆಯಿತು, ಅತ್ತೆಯವರ ಮಂಡಿನೋವಿನ ಕಥೆಯೂ ಪೂರ್ತಿ ಆಯಿತು. ಕಡೆಗೆ ಎದ್ದು ನಿಂತು, "ಯವ್ವಾ, ನಮ್ಮ ಹುಡುಗಿ ಲಗ್ನ ಡಿಸೆಂಬರ್‌ದಾಗ ಐತಿ, ಅಷ್ಟೊತ್ತಿಗೆ ತೆರೀತೈತೇನು?" ಎಂದರು. ನನಗೆ ಅಲ್ಲೇ ಭೂಮಿ ಬಿರಿಯಬಾರದೇ ಅನ್ನಿಸಿತು.

ಅತ್ತೆ "ಯಾರದೋ ಕಣ್ಣು ಬಿದ್ದೈತಿ" ಎಂದು ಉಪ್ಪು, ಕೆಂಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಓಣಿಯೆಲ್ಲ ಕೆಮ್ಮಿತು, ಕಂಪ್ಯೂಟರ್ ಮಾತ್ರ ಮಿಸುಕಲಿಲ್ಲ. ಮಾವ ತಮ್ಮ ಫೋಟೋಗಳ ತಪ್ಪೇನಿಲ್ಲ ಎಂದು ತೋರಿಸಲು, "ಅದಕ್ಕೂ ಜೀವ ಸಾಕಾಗಿರತೈತಿ, ಮಧ್ಯಾಹ್ನ ಮಲಗಾಕ ಬಿಡ್ರಿ" ಎಂದು ಊಟವಾದ ಮೇಲೆ ಅದರ ಸ್ವಿಚ್ ತೆಗೆದು ತಾವೂ ಮಲಗಲು ಹಿಡಿದರು. ಕಡೆಗೆ ನಾನೇ ಸತ್ಯಪ್ಪನನ್ನು ಕರೆಸಿದೆ. ಹಿಂದಿನ ಓಣಿಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾನಲ್ಲ, ಅವನೇ. ಈಗೀಗ ಕಂಪ್ಯೂಟರನ್ನೂ ಬಿಡುವುದಿಲ್ಲ. ಮೀಸೆಗೆ ಹೊಸದಾಗಿ ಕಪ್ಪು ಹಚ್ಚುತ್ತಿದ್ದಾನೆ. "ವೈನೀ, ಸತ್ಯಪ್ಪ ಮುಟ್ಟಿದ ಮಶೀನು ಹೊಳ್ಳಿ ಕೆಟ್ಟದ್ದು ತೋರಿಸ್ರಿ" ಎನ್ನುತ್ತಲೇ ಬಂದ. ಅತ್ತೆ ಮಣಿ ಪೋಣಿಸಿ ಹೆಣೆದ ಕವರನ್ನು ಕಂಪ್ಯೂಟರಿನ ಡಬ್ಬಿಯ ಮೇಲಿಂದ ಎಳೆದು, "ಇದಕ್ಕ ಉಸಿರಾಡಾಕ ಜಾಗಾನೇ ಬಿಟ್ಟಿಲ್ಲಲ್ರೀ" ಎಂದ. ಅತ್ತೆ ಆಮೇಲೆ ಅವನಿಗೆ ಚಾ ಮಾಡಿಕೊಡಲಿಲ್ಲ. ಡಬ್ಬಿ ಬಿಚ್ಚಿ ನೋಡಿದರೆ, ಶಿವನೇ! ವರ್ಷ ವರ್ಷದ ಖಂಡೇನವಮಿಯ ವಿಭೂತಿ, ಅಕ್ಕಿಕಾಳು, ಒಣಗಿದ ಹೂವಿನ ಎಸಳು, ಅರ್ಧ ಊದಿನಕಡ್ಡಿ. ಸತ್ಯಪ್ಪ ಬ್ಲೋವರ್ ಹಿಡಿದು ಊದಿದ್ದೇ ತಡ, ಎಲ್ಲವೂ ಅವನ ಮುಖಕ್ಕೇ ಬಂತು. ತಲೆ, ಹಣೆ, ಆ ಕಪ್ಪು ಮೀಸೆ, ಎಲ್ಲ ಬೆಳ್ಳಗಾಗಿ ನಿಂತವನನ್ನು ನೋಡಿ ಮಾವ ಕೈಮುಗಿದು, "ಶರಣ್ರೀ ಸತ್ಯಪ್ಪನವರ" ಎಂದರು. ನಾನು ಅಡಿಗೆಮನೆಗೆ ಓಡಿಹೋಗಿ ಸೆರಗು ಬಾಯಿಗಿಟ್ಟು ನಕ್ಕೆ.

ಇಷ್ಟಾದರೂ ಗರಗರ ಸದ್ದು ನಿಂತಿತೇ ಹೊರತು ನಿಧಾನ ಹೋಗಲಿಲ್ಲ. ಸತ್ಯಪ್ಪ ಮುಖ ಒರೆಸಿಕೊಂಡು, "ಇದಕ್ಕ ವಯಸ್ಸಾಗೇತ್ರೀ, ಮ್ಯಾಲ ಹೊಟ್ಟಿತುಂಬ ಫೋಟೋ. ಹೊಸಾದು ತಗೋರಿ" ಎಂದು ಹೇಳಿ ಹೋದ. ಮಾವನವರ ಮುಖ ಸಣ್ಣದಾಯಿತು. ಸಂಜೆ ನನ್ನನ್ನು ಕರೆದು, "ಯವ್ವಾ ನೇತ್ರಾ, ಎಲ್ಲಾರೂ ನನ್ನ ಫೋಟೋದ್ದ ತಪ್ಪಂತಾರ. ಅವನ್ನೆಲ್ಲಾ ಒಂದು ಪೆನ್‌ಡ್ರೈವ್‌ನ್ಯಾಗ ಹಾಕಿ ಕೊಡು. ಸೋಮವಾರ ಖಾನಾಪುರಕ್ಕ ಹೋಗಿ ಮಲಪ್ರಭಾಕ್ಕ ಬಿಟ್ಟು ಬರತೀನಿ" ಎಂದರು. ಖಾನಾಪುರದ ತನಕ ಯಾಕೆ, ಇಲ್ಲೇ ಕಾಕತಿ ಕಡೆ ಮಾರ್ಕಂಡೇಯ ಹೊಳೆ ಇದೆಯಲ್ಲ ಎಂದೆ. "ಅದರಾಗ ನೀರು ಸಾಲಂಗಿಲ್ಲ" ಎಂದರು. ಈ ಸಲದ ಮಳೆಗೆ ಅಲ್ಲಿ ಎಮ್ಮೆ ಮುಳುಗುವಷ್ಟು ನೀರಿದೆ! ಸಮೃದ್ಧಿ "ಅಜ್ಜಾ, ಹೊಳಿಗೆ ಪ್ಲಾಸ್ಟಿಕ್ ಹಾಕಬಾರದು, ನಮ್ಮ ಟೀಚರ್ ಹೇಳ್ಯಾರ" ಎಂದು ಉಪದೇಶ ಮಾಡಿದಳು. ಅದಕ್ಕೂ ಅವರು ಜಗ್ಗಲಿಲ್ಲ. ಮಾರನೇ ದಿನ ಜಳಕ ಮಾಡಿ, ವಿಭೂತಿ ಧರಿಸಿ, ನನ್ನ ಪಕ್ಕ ಕೂತರು. ನಾನು ಫೋಟೋಗಳನ್ನೆಲ್ಲ ಪೆನ್‌ಡ್ರೈವಿಗೆ ದಾಟಿಸಿದೆ. ಒಂದೊಂದು ಹೋಗುವಾಗಲೂ "ಇದು ಗದಗಿನ ಗುರುಪಾದಯ್ಯ ಕಳಿಸಿದ್ದು, ಇದು ನಮ್ಮ ರಿಟೈರ್ ಗ್ರೂಪಿಂದು" ಎನ್ನುತ್ತಿದ್ದರು. ಆಮೇಲೆ ಪೆನ್‌ಡ್ರೈವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟರು.

ಈಗ ಗಟ್ಟಿಯಾಗಿ ಕೂತು ಓದಿ. ದೇವರೆಲ್ಲ ಹೋದ ಮೇಲೂ ಕಂಪ್ಯೂಟರ್ ಹಾಗೇ ಇತ್ತು! ಕೂದಲೆಳೆಯಷ್ಟೂ ಚುರುಕಾಗಲಿಲ್ಲ. ನನಗೆ ಬಂತು ನೋಡಿ ಸಿಟ್ಟು. ಇದರ ಹಣೆಬರಹ ನೋಡಿಯೇ ಬಿಡುತ್ತೇನೆ ಎಂದು ಕೂತು, ಚಾಲೂ ಮಾಡಿದ ಕೂಡಲೇ ತಾವಾಗಿಯೇ ಎದ್ದು ಕೂರುವ ಪ್ರೋಗ್ರಾಮುಗಳು ಯಾವುವು ಎಂದು ಹುಡುಕಿದೆ. ಮೂರು ಆಂಟಿವೈರಸ್! ಒಂದಲ್ಲ, ಎರಡಲ್ಲ. ಒಂದೇ ಮನೆಗೆ ಮೂವರು ಕಾವಲಿನವರನ್ನು ಇಟ್ಟರೆ ಏನಾಗುತ್ತದೆ? ಕಳ್ಳ ಬರುವುದು ಆಮೇಲಿನ ಮಾತು, ಇವರೇ ಒಬ್ಬರ ಕಾಲರ್ ಒಬ್ಬರು ಹಿಡಿದು "ನೀ ಯಾರಲೇ" ಎಂದು ದಿನವೆಲ್ಲ ಜಗ್ಗಾಡುತ್ತಾರೆ. ಜೊತೆಗೆ ಕ್ರಿಕೆಟ್ ಸ್ಕೋರ್ ಹೇಳುವುದೊಂದು, ರೈಲಿನ ಟೈಮ್ ಹೇಳುವುದೊಂದು. ಇವನ್ನೆಲ್ಲ ಹಾಕಿದವರು ಯಾರು ಎಂದು ನಾನು ಬರೆಯಬೇಕೇ? ಮಾವನವರಿಗೆ ಅಷ್ಟು ವಿದ್ಯೆ ಇಲ್ಲ. ಅತ್ತೆಗೆ ಕ್ರಿಕೆಟ್ ಬೇಕಿಲ್ಲ. ನಿಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ ಹೊಸ ವೈರಸ್ ಬಂದಿದೆ ಎಂದು ಸೀನಿದರೆ ಸಾಕು, ನೀವು ಶನಿವಾರ ಬಂದು ಇನ್ನೊಂದು ಕಾವಲಿನವನನ್ನು ಕೂರಿಸಿ ಹೋಗುತ್ತಿದ್ದಿರಿ. ಒಂದನ್ನು ಬಿಟ್ಟು ಉಳಿದವನ್ನೆಲ್ಲ ಕಿತ್ತು ಹಾಕಿದೆ. ಈಗ ಚಾಲೂ ಮಾಡಿ ಒಲೆಯ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ತಯಾರಾಗಿ ಕೂತಿರುತ್ತದೆ. ಕಾಕತಿಯವರ ಪತ್ರಿಕೆ ಪ್ರೆಸ್ಸಿಗೂ ಹೋಯಿತು.

ಮಾವನವರಿಗೆ ಹೇಳಿದೆ. "ಹೊಳ್ಳಿ ಹೇಳು" ಎಂದರು. ಮತ್ತೆ ಹೇಳಿದೆ. ಅತ್ತೆಯವರನ್ನು ಕರೆದು ಅವರ ಮುಂದೆ ಇನ್ನೊಮ್ಮೆ ಹೇಳಿಸಿದರು. ಹಾಲು ತರುವ ಭರಮವ್ವನಿಗೆ, ಕಂಪ್ಯೂಟರನ್ನೇ ಕಾಣದ ಆ ಮುದುಕಿಗೆ, "ಮೂರು ಇದ್ದುವಂತ ಬೇ, ಮೂರು!" ಎಂದು ಬೆರಳು ಎತ್ತಿ ತೋರಿಸಿದರು. ಸಂಜೆಯ ತನಕ ಅವರ ಮೆರವಣಿಗೆ ನಡೆಯಿತು. ಆಮೇಲೆ ತಣ್ಣಗಾಗಿ ನನ್ನ ಹತ್ತಿರ ಬಂದು, "ಅಮರಗ ಹೇಳಬ್ಯಾಡ ಯವ್ವಾ, ಮನಸಿಗೆ ಹಚ್ಚಿಕೊಂತಾನ" ಎಂದರು. ನೋಡಿ, ಅವರ ಮಾತು ಮೀರಿ ನಾನು ಹೇಳುತ್ತಿದ್ದೇನೆ. ಚೆನ್ನಾಗಿ ಮನಸ್ಸಿಗೆ ಹಚ್ಚಿಕೊಳ್ಳಿ.

ಇನ್ನು ಹೊಳೆಯ ಪ್ರಯಾಣ ಯಾಕೆ, ಫೋಟೋ ಮತ್ತೆ ಇಲ್ಲೇ ಇರಲಿ ಎಂದರೆ "ಆಡಿದ ಮಾತು ಆಡಿದ್ದ, ಹೋಗಾವನ ನಾ" ಎಂದು ಹಟ ಹಿಡಿದಿದ್ದಾರೆ. ಸೋಮವಾರ ಕನಕ ಜಯಂತಿ, ನಿಮಗೂ ರಜೆ. ಮುಂಜಾನೆಯ ಬಸ್ಸಿಗೆ ಬರುತ್ತಾರೆ. ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳಿ, ಹೊಳೆಯ ದಂಡೆ ಜಾರುತ್ತದೆ, ಕೈ ಹಿಡಿದುಕೊಳ್ಳಿ. ಕೆಲಸ ಇದೆ ಎಂದೀರಿ, ಜೋಕೆ!

ಅತ್ತೆಯವರ ಆಶೀರ್ವಾದ, ಸಮೃದ್ಧಿಯ ಮುತ್ತು ಇದರೊಳಗೇ ಮಡಚಿ ಇಟ್ಟಿದ್ದೇನೆ. ನನ್ನದು ನೀವು ಮನೆಗೆ ಬಂದ ಮೇಲೆ.

ನಿಮ್ಮ ಮೇಲೆ ಇನ್ನೂ ಸ್ವಲ್ಪ ಸಿಟ್ಟಿರುವ,
ನೇತ್ರಾ

ತಾ.ಕ.: ಭಾನುವಾರ ಬೆಳಿಗ್ಗೆ. ಭರಮಣ್ಣ ಹೊರಗೆ ಹಾರ್ನ್ ಒತ್ತುತ್ತಿದ್ದಾನೆ, ಅಕ್ಷರ ಓಡಿದರೆ ಸಂಭಾಳಿಸಿಕೊಳ್ಳಿ. ಮೊನ್ನೆ ಫೋಟೋಗಳ ಜೊತೆ ಯಾರದಾದರೂ ಲಗ್ನಪತ್ರಿಕೆಯೂ ಪೆನ್‌ಡ್ರೈವಿಗೆ ಹೋಗಿದ್ದರೆ, ಲಗ್ನಕ್ಕೆ ಮೊದಲೇ ಮದುಮಕ್ಕಳು ಹೊಳೆ ಪಾಲಾದಾರು ಎಂದು ಹೆದರಿ, ಜಗಲಿಯಿಂದ ಈಗ ಅದನ್ನು ತೆಗೆದು ಕಂಪ್ಯೂಟರಿಗೆ ಹಾಕಿ ನೋಡಿದೆ. ಖಾಲಿ! ಒಂದು ಗುಲಾಬಿ ಹೂವೂ ಇಲ್ಲ. ಎಲ್ಲ ದೇವರೂ ಕಂಪ್ಯೂಟರಿನಲ್ಲಿ ತಮ್ಮ ತಮ್ಮ ಜಾಗದಲ್ಲಿ ಬಂದು ಕೂತಿದ್ದಾರೆ. ಮೊನ್ನೆ ನನ್ನ ಪಕ್ಕ ಕೂತು ನೋಡಿಯೇ ಕಲಿತಿರಬೇಕು, ಮಾವ ಯಾವಾಗ ವಾಪಸ್ ಇಟ್ಟರೋ, ನನಗೆ ಸುಳಿವೂ ಕೊಟ್ಟಿಲ್ಲ. ಆದರೂ ಈಗ ಅಂಗಳದಲ್ಲಿ ನಾಳೆಗೆಂದು ಧೋತರ ಒಣಹಾಕುತ್ತಾ, "ಸ್ಟ್ಯಾಂಡಿಗೆ ಅಮರ ಬರತಾನೇನು?" ಎಂದು ಅತ್ತೆಯವರನ್ನು ಕೇಳುತ್ತಿದ್ದಾರೆ. ಕೇಳಿದಿರೇನ್ರೀ, ಹೊಳೆಗೆ ಬಿಡಲು ಅವರ ಹತ್ತಿರ ಏನೂ ಇಲ್ಲ. ನಿಮ್ಮ ಮುಖ ನೋಡಲಿಕ್ಕೇ ಬರುತ್ತಿದ್ದಾರೆ. ಅವರು ಇಷ್ಟು ದೂರ ಬಂದಮೇಲೆ ಮೊದಲ ಮಾತು ನಿಮ್ಮದು. ಖಾಲಿ ಎಂದು ಗೊತ್ತಿದ್ದದ್ದು ತೋರಗೊಡಬೇಡಿ. ತಪ್ಪಾಯಿತು ಅನ್ನಲೂ ಬೇಡಿ, ಅವರಿಗೆ ಅಳು ಬಂದರೆ ಸ್ಟ್ಯಾಂಡಿನಲ್ಲಿ ಜನ ನೋಡುತ್ತಾರೆ. "ಅಪ್ಪಾ, ಬರ್ರಿ, ಚಾ ಕುಡಿಯೂಣು" ಅನ್ನಿ, ಅಷ್ಟೇ ಸಾಕು. ಆಮೇಲಿನ ಮಾತೆಲ್ಲ ಅವರೇ ಆಡುತ್ತಾರೆ, ನೀವು ನಿಲ್ಲಿಸೆಂದರೂ ನಿಲ್ಲಿಸುವುದಿಲ್ಲ.