ಬನ್ನಿಗೆ ಮುಂಚೆ ಎತ್ತಿದ ಪಾನಾ

ಮುದ್ದೇಬಿಹಾಳ
೨-೧೧-೧೯೭೪

ಪ್ರೀತಿಯ ತಂಗಿ ರಾಮವ್ವಗೆ ನಿನ್ನ ಅಕ್ಕ ಸಾವಿತ್ರವ್ವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಸಿಂದಗಿಯಲ್ಲಿ ನೀನು, ರಾವಸಾಬರು, ಮೂವರು ಮಕ್ಕಳು ಆರಾಮವಾಗಿದ್ದೀರಿ ಎಂದುಕೊಂಡಿದ್ದೇನೆ. ಬನ್ನಿ ಹಬ್ಬಕ್ಕೆ ನಿನ್ನ ಗಂಡ ರಾವಸಾಬರು ಬಂದು ಹೋದ ಮೇಲೆ ಒಂದು ಸಾಲೂ ಬರೆಯಲಿಲ್ಲ, ಸಿಟ್ಟಾಗಬೇಡ. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ.

ಮೊದಲು ನನ್ನ ಕೆಂಪು ಸವತಿಯ, ಅದೇ ಇವರ ಕಾರಿನ, ಸುದ್ದಿ ಕೇಳು. ದೀಪಾವಳಿ ಪಾಡ್ಯಕ್ಕೆ ನಿನ್ನ ಕೂಸು ಹೊನ್ನವ್ವನನ್ನು ನನ್ನ ಉಡಿಗೆ ಹಾಕುತ್ತೇನೆ ಎಂದು ನೀನು ಮಾತು ಕೊಟ್ಟಾಗಿನಿಂದ ನಮ್ಮ ಮನೆಯವರನ್ನು ಹಿಡಿಯುವವರಿಲ್ಲ. ಮಗಳನ್ನು ಬಸ್ಸಿನಲ್ಲಿ ತರುವುದಿಲ್ಲವಂತೆ. ಆ ಹಳೇ ಎರಡು ಸೀಟಿನ ರೇಸಿನ ಕಾರಿನಲ್ಲೇ ತರಬೇಕಂತೆ! ಅದೋ, ತಾಳಿಕೋಟಿ ಮುಟ್ಟುವುದರೊಳಗೆ ಕುದಿಯುತ್ತಿತ್ತು.

ಫಕೀರಸಾಬ ಮಿಸ್ತ್ರಿ ಬಂದು ಬಿಚ್ಚಿ ನೋಡಿದ. ಇಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇರುವ ಗ್ಯಾಸ್ಕೆಟ್ ಸುಟ್ಟು, ನೀರು ಆಯಿಲಿಗೆ ಸೇರಿ, ಆಯಿಲು ಹಾಲು ಹಾಕಿದ ಚಹಾದಂತಾಗಿತ್ತು. ಆ ವಿಲಾಯತಿ ಕಾರಿಗೆ ಗ್ಯಾಸ್ಕೆಟ್ ಎಲ್ಲಿ ಸಿಗಬೇಕು? ಕಡೆಗೆ ಬೆಳಗಾವಿಯಿಂದ ತಾಮ್ರದ ಹಾಳೆ ತರಿಸಿ, ಹಳೆಯದನ್ನು ಮೇಲಿಟ್ಟು ಕತ್ತರಿಸಿದರು. ಅದು ತಯಾರಾಗುವಷ್ಟರಲ್ಲಿ ಮಹಾನವಮಿಯ ಖಂಡೆ ಪೂಜೆ ಬಂತು. ನಟ್ಟು ಬಿಗಿಯುವ ಪಾನಾ, ಸುತ್ತಿಗೆ ಎಲ್ಲ ವಿಭೂತಿ ಹಚ್ಚಿಸಿಕೊಂಡು ಮಣೆ ಏರಿ ಕೂತವು.

"ಸಾವ್ಕಾರ್ರ, ಬನ್ನಿ ಮುಡಿಯೂ ತನಕಾ ಪಾನಾ ಮುಟ್ಟಬಾರದ್ರಿ. ನಾಳಿ ಸಂಜಿಗೆ ಎತ್ತೂಣು," ಎಂದ ಫಕೀರಸಾಬ.

"ನನ್ನ ಮಗಳು ಬರಾಕತ್ತಾಳೋ! ದೇವ್ರಿಗೆ ನಾ ಹೇಳ್ಕೋತೇನಿ," ಎಂದು ಇವರೇ ಮಣೆಯಿಂದ ಪಾನಾ ಎತ್ತಿದರು.

ನಾನು ಬಾಯಿಗೆ ಬಂದಂತೆ ಬೈದೆ. "ನಿನ್ನ ಮಗಳಲ್ಲೇನ ಆಕಿ?" ಎಂದರು. ಫಕೀರಸಾಬ ಮಾತ್ರ ಕೈ ಹಚ್ಚಲಿಲ್ಲ. ದೂರ ನಿಂತು, "ನಡುವಿನಿಂದ ಹೊರಗ ಬಿಗೀರಿ, ಒಂದೊಂದ ಇಷ್ಟಿಷ್ಟ ಬಿಗೀರಿ, ಗಡಬಡಿ ಬ್ಯಾಡ್ರಿ," ಎನ್ನುತ್ತಿದ್ದ. ಸಣ್ಣ ಕೂಸಿಗೆ ಎಣ್ಣೆ ನೀವುವಂತೆ ಬಿಗಿದರು, ನಮ್ಮ ಮುಂಗೋಪಿ!

ಮರುದಿನ ನಾಲತವಾಡಕ್ಕೆ ಹೋಗಿ ಬಂದರು. ಕಾರಿನಲ್ಲಿ ಒಂದು ಹನಿ ನೀರೂ ಕಡಿಮೆಯಾಗಿರಲಿಲ್ಲ. ಅವತ್ತು ಸವತಿಗೆ ನಾನೇ ದೃಷ್ಟಿ ತೆಗೆದೆ. ಸೀಟಿನ ಹಿಂದೆ ಸಾಮಾನು ಇಡುವ ಜಾಗದಲ್ಲಿ, ನನ್ನ ಹಳೇ ಇಳಕಲ್ ಸೀರೆಯಿಂದ ಒಂದು ಪುಟ್ಟ ಮೆತ್ತೆ ಹೊಲಿಸಿ ಇಟ್ಟಿದ್ದಾರೆ. ದಿನಾ ಅದರ ಧೂಳು ಝಾಡಿಸುತ್ತಾರೆ.

ಪತ್ರದೊಳಗೆ ನಾಲ್ಕು ಎಲೆ ಬನ್ನಿ ಇಟ್ಟಿದ್ದೇನೆ, ಎಲ್ಲರೂ ಬಂಗಾರದಂತೆ ಇರೋಣ. ಮಕ್ಕಳಿಗೆ ನನ್ನ ಮುತ್ತು ಕೊಡು. ಬಸವಣ್ಣ ನಿನ್ನ ಮನೆಯನ್ನು ತುಂಬಿದ ಹಾಗೆಯೇ ಇಟ್ಟಿರಲಿ.

ನಿನ್ನ ಅಕ್ಕ,
ಸಾವಿತ್ರವ್ವ

ತಾ.ಕ.: ಬನ್ನಿ ಕೊಟ್ಟಾದ ಮೇಲೆ ರಾವಸಾಬರು ಅಡಿಗೆಮನೆ ಬಾಗಿಲಲ್ಲಿ ನಿಂತು, "ಅಕ್ಕಾರ, ಆಕಿಗೆ ಕೂಸು ಬಿಟ್ಟುಕೊಡಾಕ ಆಗವಲ್ದಂತ್ರಿ. ಸಿಟ್ಟಾಗಬ್ಯಾಡ್ರಿ," ಎಂದರು. ಬನ್ನಿ ಇನ್ನೂ ನನ್ನ ಅಂಗೈಯಲ್ಲೇ ಇತ್ತು. "ಹೆತ್ತ ಕರುಳು, ಇರ್ಲಿ ಬಿಡ್ರಿ," ಎಂದೆ. ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ ರಾಮವ್ವ. ಒಮ್ಮೆ ನಿನ್ನ ಮೇಲೆ ಬರುತ್ತದೆ, ಒಮ್ಮೆ ಆ ಪಾನಾದ ಮೇಲೆ. ಇವರಿಗೆ ಇನ್ನೂ ಹೇಳಿಲ್ಲ, ನನ್ನಿಂದ ಆಗುವುದೂ ಇಲ್ಲ. ಪಾಡ್ಯದ ದಿನ ಇಬ್ಬರೂ ಕಾರಿನಲ್ಲಿ ಬರುತ್ತೇವೆ. ನೀನೇ ಹೇಳು. ಆದರೆ ಬಂದ ಕೂಡಲೇ ಹೇಳಬೇಡ. ಇವರು ಹೊನ್ನವ್ವನನ್ನು ಆ ಮೆತ್ತೆಯ ಮೇಲೆ ಕೂರಿಸಿಕೊಂಡು ಸಿಂದಗಿಯಲ್ಲಿ ಒಂದು ಸುತ್ತು ಹೊಡೆದು ಬರಲಿ. ಆಮೇಲೆ ನಿನ್ನ ಮಗಳನ್ನು ಇಳಿಸಿಕೋ.