ವಲಿಯ ಒಪ್ಪಿಗೆ

ಇಳಕಲ್
10 ನವೆಂಬರ್ 2025

ಮುದ್ದಿನ ತಸ್ಕೀನಾ,

ಸಲಾಮು ಬೇಟಿ. ನಿನ್ನ ಎರಡು ಮೆಸೇಜಿಗೂ ಉತ್ತರ ಕೊಡದೆ ಕೂತಿದ್ದಕ್ಕೆ ಮುನಿಸಿಕೊಳ್ಳಬೇಡ. ಇದು ಫೋನಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ಈ ಕಾಗದ. ನವನಗರದ ಹಾಸ್ಟೆಲ್ಲಿನಲ್ಲಿ ನಿನ್ನ ಜೊತೆಯ ಟೀಚರುಗಳು ನೋಡಿ ನಗುತ್ತಾರೇನೋ, ನಗಲಿ ಬಿಡು. ಅಮ್ಮಿಯ ಮಂಡಿನೋವು ಕಡಿಮೆಯಾಗಿದೆ. ನಿನ್ನ ಅಕ್ಕ ಮೈಮೂನಾ ಆಪಾ ಎಂದಿನಂತೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾ ಕೂತಿದ್ದಾಳೆ. ಅವಳ ಎಡಗಿವಿ ಈಗ ಸ್ವಲ್ಪವೂ ಕೇಳುವುದಿಲ್ಲ. ಗಂಡನನ್ನು ಬಿಟ್ಟು ಬಂದು ಹತ್ತು ವರ್ಷವಾಯಿತು, ಅವನು ಹೊಡೆದ ಏಟು ಮಾತ್ರ ಬಿಟ್ಟು ಹೋಗಲಿಲ್ಲ.

ಆ ಮದುವೆಯ ಆ್ಯಪಿನಲ್ಲಿ ವಲಿ ಎಂಬಲ್ಲಿ ನನ್ನ ನಂಬರು ಹಾಕಿದೆಯಲ್ಲ, ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಹೆಣ್ಣಿನ ಪರವಾಗಿ ನಿಂತು ಮಾತು ಕೊಡುವ ಹಿರಿಯ ನಾನೇ ಅಂತೆ! ನೀನೂ ಆ ಬಾದಾಮಿಯ ಹುಡುಗ ಮತೀನನೂ ಬರೆದುಕೊಂಡಿದ್ದೆಲ್ಲ ನನ್ನ ಫೋನಿಗೂ ಬರುತ್ತದೆ. ಟಣ್ ಎಂದರೆ ಸಾಕು, ನೇಯುವುದು ಬಿಟ್ಟು ಫೋನಿಗೆ ಕೈ ಹಾಕುತ್ತೇನೆ. ಮೊನ್ನೆ ಮಗ್ಗದಲ್ಲಿ ಎರಡು ಎಳೆ ಕಡಿದವು. ನೀವು ಬರೆದದ್ದರಲ್ಲಿ ತಪ್ಪೇನಿಲ್ಲ. ನಿನ್ನ ಶಾಲೆ, ಅವನ ತಾಯಿಯ ಬಿ.ಪಿ., ಹಬ್ಬದ ಅಡುಗೆ, ಎಲ್ಲ ಒಳ್ಳೆಯ ಮಾತೇ. ಅದಕ್ಕೇ ನನಗೆ ಹೆದರಿಕೆ. ಆಪಾಳ ಗಂಡನೂ ಮೊದಲು ಒಳ್ಳೆಯ ಮಾತೇ ಆಡುತ್ತಿದ್ದ.

ಶನಿವಾರ ನಿನಗೆ ತಿಳಿಸದೆ ಬಾದಾಮಿಗೆ ಹೋಗಿದ್ದೆ. ಮತೀನನ ಫ್ರಿಜ್ ರಿಪೇರಿ ಅಂಗಡಿಯ ಎದುರೇ ಒಂದು ಚಹಾದಂಗಡಿ. ಅಲ್ಲಿನ ಹುಲ್ಲಪ್ಪನನ್ನು ವಿಚಾರಿಸಿದೆ. "ಹುಡುಗ ಭಾಳ ಚಲೋ ಅದಾನ್ರಿ. ಸಿಟ್ಟು ಬಂದ್ರ ಮಾತ್ರ ಎರಡು ದಿನ ಮಾತು ಬಿಡ್ತಾನ" ಎಂದ. ಅವನು ಸಹಜವಾಗಿಯೇ ಹೇಳಿದ. ಆದರೆ ಆ ಸಿಟ್ಟು ಎಂಬ ಮಾತು ವಾಪಸು ಬರುವ ಬಸ್ಸು ಕಮತಗಿ ದಾಟಿದರೂ ನನ್ನ ತಲೆಯಿಂದ ಇಳಿಯಲಿಲ್ಲ.

ನಿನ್ನೆ ಮತೀನನೇ ಫೋನ್ ಮಾಡಿದ. "ಚಾಚಾ, ಒಂದು ಮಾತು ಕೇಳ್ತೇನಿ, ತಪ್ಪು ತಿಳ್ಕೋಬ್ಯಾಡ್ರಿ. ತಸ್ಕೀನಾ ಹೂಂ ಅಂದಾಳೇನ್ರಿ? ನೀವು ಅಂದಿದ್ದಲ್ಲ, ಆಕಿ ಬಾಯಿಂದ ಬಂದಿದ್ದು ಬೇಕು ನನಗ" ಎಂದ. ನಾನು ಫೋನ್ ಇಟ್ಟುಬಿಟ್ಟೆ. ಪಾಪ, ಬೇಜಾರು ಮಾಡಿಕೊಂಡಿರಬೇಕು.

ಶುಕ್ರವಾರದೊಳಗೆ ವಲಿ ಒಪ್ಪಿಗೆ ಕೊಡಬೇಕಂತೆ, ಆ್ಯಪಿನಲ್ಲಿ ಒಂದು ಹಸಿರು ಗುಂಡಿ ಒತ್ತಬೇಕಂತೆ. ನನ್ನಿಂದಾಗುವುದಿಲ್ಲ ಬೇಟಿ. ಗುರುವಾರ ರಜೆ ಹಾಕಿ ಬಾ. ಅಮ್ಮಿಗೂ ಆಪಾಗೂ ಕೇಳುವಂತೆ ಗಟ್ಟಿಯಾಗಿ ಹೇಳು. ಬೇಕೆಂದರೆ ಬೇಕು, ಬೇಡವೆಂದರೆ ಬೇಡ. ನಾಚಿಕೊಂಡು ತಲೆ ತಗ್ಗಿಸಿ ಕೂತರೆ ಅದನ್ನು ನಾನು ಒಪ್ಪಿಗೆ ಎಂದು ಹಿಡಿಯುವುದಿಲ್ಲ, ಯಾರು ಏನೇ ಅನ್ನಲಿ. ನೀನು ಹೇಳಿದ ಮೇಲೆ ಗುಂಡಿಯನ್ನು ನೀನೇ ಒತ್ತು, ನಾನು ಪಕ್ಕದಲ್ಲಿರುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಬಾಳು ತಣ್ಣಗಿರಲಿ, ಅಲ್ಲಾಹ್ ನಿನ್ನನ್ನು ಕಾಯಲಿ.

ನಿನ್ನ ಅಬ್ಬಾ,
ರಾಜೇಸಾಬ

ತಾ.ಕ.: ನಿಕಾಹದ ದಿನ ನಿನ್ನ ಆಪಾ ಸುಮ್ಮನಿದ್ದಳು, ಅದನ್ನೇ ಒಪ್ಪಿಗೆ ಎಂದುಕೊಂಡೆವು ಅಂತ ಇಷ್ಟು ವರ್ಷ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಅದು ಸುಳ್ಳು. ಸಾಕ್ಷಿಗಳಿಬ್ಬರೂ ಪರದೆಯ ಆಚೆಗಿದ್ದರು. ನಾನು ಬಗ್ಗಿ ಕೇಳಿದಾಗ ಅವಳು ನನ್ನ ತೋಳು ಹಿಡಿದು "ಅಬ್ಬಾ, ಬ್ಯಾಡ" ಅಂದಳು. ಹೊರಗೆ ಬೀಗರು ಕಾಯುತ್ತಿದ್ದರು. ನಾನು ಪರದೆ ಸರಿಸಿ, ಒಪ್ಪಿದಳು ಎಂದೆ. ಮೈಮೂನಾ ಇದನ್ನು ಯಾರಿಗೂ ಹೇಳಿಲ್ಲ. ಯಾಕೆ ಹಾಗೆ ಮಾಡಿದಿರಿ ಎಂದು ನನ್ನನ್ನು ಒಂದು ದಿನವೂ ಕೇಳಿಲ್ಲ.